ನಮ್ಮ ಬೀಗರ ಅಮೆರಿಕ, ನನ್ನ ಕಿವಿ

ನಮ್ಮ ಬೀಗರು ಅಮೆರಿಕ ನೋಡಿದವರಲ್ಲ. ಜಗಳೂರಿನಲ್ಲಿ ಬಸ್ಸು ಹತ್ತಿದರೆ ದಾವಣಗೆರೆ, ಅಲ್ಲಿಂದ ಹೊನ್ನಾಳಿ, ಹೊನ್ನಾಳಿಯಿಂದ ನಮ್ಮ ನ್ಯಾಮತಿ. ಅವರ ಪ್ರಪಂಚ ಪರ್ಯಟನೆ ಅಲ್ಲಿಗೆ ಮುಗಿಯಿತು. ಹಾಗಿದ್ದೂ ಅಮೆರಿಕ ಎಂಬ ಇಡೀ ದೇಶ ನಮ್ಮ ಮನೆಯ ಪಡಸಾಲೆಗೆ ಬಂದು ಕಾಲು ಚಾಚಿ ಕೂತಿದೆಯೆಂದರೆ ಅದಕ್ಕೆ ಇವರೊಬ್ಬರೇ ಕಾರಣ! ಬೇರೆಯವರ ಬೀಗರು ಮನೆಗೆ ಬರುವಾಗ ಏನು ತರುತ್ತಾರೆ ಹೇಳಿ? ಒಂದು ಚಿಪ್ಪು ಬಾಳೆಹಣ್ಣು, ಒಂದು ಪೊಟ್ಟಣ ಖಾರ, ಹೆಚ್ಚೆಂದರೆ ಬೆಣ್ಣೆ ಬಿಸ್ಕತ್ತು. ನಮ್ಮ ಬೀಗರು ಅಮೆರಿಕದ ಸಾಹಿತ್ಯ ಚರಿತ್ರೆ ತರುತ್ತಾರೆ. ಅದೂ ಚಿಲ್ಲರೆ ಲೆಕ್ಕದಲ್ಲಲ್ಲ, ಸಗಟು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಇಂಗ್ಲಿಷಿನಲ್ಲಿ ಎರಡನೇ ಸಲ ಕೂತು ಪಾಸಾದೆ. ಆಮೇಲೆ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿ ಜೀವಮಾನ ಕಳೆದೆ. ಬಸ್ಸು ಬಂದು ನಿಂತಿತೋ, ಮುಂದಿನ ಊರುಗಳ ಹೆಸರು ಸಾಲಾಗಿ ಕೂಗಬೇಕು, ಮುದುಕಿಯರನ್ನು ಕೈಹಿಡಿದು ಹತ್ತಿಸಬೇಕು, ಬಸ್ಸಿನ ಬೆನ್ನಿಗೆ ಎರಡೇಟು ಹಾಕಿ ‘ರೈಟ್’ ಅನ್ನಬೇಕು. ಇಂಥವನ ತಲೆಯಲ್ಲಿ ಈಗ ಪ್ಯೂರಿಟನ್ನರು, ಟ್ರಾನ್ಸೆಂಡೆಂಟಲಿಸ್ಟರು, ನ್ಯಾಚುರಲಿಸ್ಟರು ಗಿಜಿಗುಡುತ್ತಿದ್ದಾರೆಂದರೆ ನನ್ನ ಗತಿ ನೀವೇ ಊಹಿಸಿ. ನಮ್ಮ ಬೀಗರಿಗೆ ನಾನೊಂದು ದ್ರೋಹ ಮಾಡಿದ್ದೇನೆ. ಅದನ್ನು ಹೊತ್ತು ತಿರುಗಲು ಈ ವಯಸ್ಸಿನಲ್ಲಿ ಸೊಂಟಕ್ಕೆ ಶಕ್ತಿಯಿಲ್ಲ. ಬರೆದು ಇಳಿಸೋಣವೆಂದು ಕೂತಿದ್ದೇನೆ. ಆದರೆ ತಪ್ಪು ಒಪ್ಪಿಕೊಳ್ಳುವ ಮುಂಚೆ ನನಗಿದ್ದ ಕಾಟ ಎಂಥದು ಅನ್ನುವುದನ್ನೂ ನೀವು ಕೇಳಬೇಕು. ಕಳ್ಳನಿಗೂ ವಕೀಲ ಇರುತ್ತಾನಲ್ಲವೇ?

ಮಗನಿಗೆ ಹೆಣ್ಣು ನೋಡಲು ಜಗಳೂರಿಗೆ ಹೋದ ದಿನವೇ ನನಗೆ ಅನುಮಾನ ಬರಬೇಕಿತ್ತು. ಹುಡುಗಿಯ ತಂದೆ ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರು, ಹಾಸ್ಟೆಲ್ಲಿನಲ್ಲಿದ್ದು ಓದಿ ಮೇಲೆ ಬಂದವರು, ಸಾತ್ವಿಕರು ಎಂದು ಕೇಳಿದ್ದೆ. ಹುಡುಗಿ ಉಪ್ಪಿಟ್ಟು ಕೊಟ್ಟು ಒಳಗೆ ಹೋದಳು. ಹುಡುಗನ ಸಂಪಾದನೆ ಎಷ್ಟು, ಮೋಟಾರು ರಿವೈಂಡಿಂಗ್ ಅಂಗಡಿ ಸ್ವಂತದ್ದೋ ಬಾಡಿಗೆಯದ್ದೋ ಎಂದು ಕೇಳುತ್ತಾರೆಂದು ನಾನು ಉತ್ತರ ಜೋಡಿಸಿಕೊಂಡು ಕೂತಿದ್ದರೆ, ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು, ಪ್ಯೂರಿಟನ್ನರ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದರು. ಹೆಣ್ಣು ನೋಡುವ ಮನೆಯಲ್ಲಿ ಯಾರದಾದರೂ ಹೆಸರೆತ್ತಿ ಅಭಿಪ್ರಾಯ ಕೇಳಿದರೆ ಅದರ ಅರ್ಥ ಏನು? ಆ ಮನೆತನದ ಸಂಬಂಧವೂ ಬಂದಿದೆ, ಹೇಗೆ ಅಂತ ವಿಚಾರಿಸುತ್ತಿದ್ದಾರೆ ಅಂತಲೇ ತಾನೇ? ನಾನು ಗಂಭೀರವಾಗಿ, "ಜನ ಒಳ್ಳೇರೇ. ಆದ್ರೆ ನಮಗೂ ಅವರಿಗೂ ಕೊಟ್ಟು ತರೋದಿಲ್ಲ" ಎಂದೆ. ಅವರು ಬೆರಗಾಗಿ ನನ್ನನ್ನೇ ನೋಡಿದರು. ಪ್ಯೂರಿಟನ್ನರನ್ನು ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲವಂತೆ! ಸಂಬಂಧ ಅಲ್ಲೇ ಕುದುರಿತು. ನನ್ನ ಕರ್ಮವೂ.

ಮದುವೆಯಾದ ಕೆಲವು ವರ್ಷಕ್ಕೆ ಬೀಗರು ನಿವೃತ್ತರಾದರು. ಬೀಗಿತ್ತಿ ತೀರಿಕೊಂಡಿದ್ದರು. ತಿಂಗಳಿಗೊಮ್ಮೆ ಮಗಳನ್ನು ನೋಡಲು ನ್ಯಾಮತಿಗೆ ಬಂದು ಒಂದು ವಾರ ಇರುವುದು ರೂಢಿಯಾಯಿತು. ಮಗಳು, ಅಂದರೆ ನನ್ನ ಸೊಸೆ, ಬೆಳಿಗ್ಗೆ ಸೊಸೈಟಿ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು. ಮಗ ಅಂಗಡಿಯಲ್ಲಿ. ನನ್ನ ಹೆಂಡತಿಗೆ ಅಡುಗೆಮನೆಯೆಂಬ ಕೋಟೆಯಿದೆ. ಬಯಲಿನಲ್ಲಿ ಸಿಕ್ಕಿಬಿದ್ದವನು ನಾನೊಬ್ಬ.

ಎದ್ದು ಹೋಗಬಹುದಿತ್ತಲ್ಲ ಎನ್ನುತ್ತೀರಾ? ನಿಮಗೆ ಬೀಗತನ ಗೊತ್ತಿಲ್ಲ ಹಾಗಾದರೆ. ಬೀಗರು ಎದುರಿಗೆ ಕೂತಿದ್ದಾಗ ನಾವು ಏಳುವಂತಿಲ್ಲ. ಅವರು ಮಾತಾಡುವಾಗ ಆಕಳಿಸುವಂತಿಲ್ಲ. ಅವರ ತಟ್ಟೆ ಖಾಲಿಯಾಗುವ ತನಕ ನಮ್ಮ ಕೈ ನಮ್ಮ ತಟ್ಟೆಯಲ್ಲೇ ಇರಬೇಕು. ಪಾಠದ ಭರದಲ್ಲಿ ಅವರು ಉಣ್ಣುವುದನ್ನೇ ಮರೆತರೆ ನಮ್ಮ ಕೈ ಒಣಗಿ ಚಕ್ಕೆಯಾಗಬೇಕು. ಬೀಗರ ಎದುರಿನಿಂದ ಎದ್ದು ಹೋದವನು ಸಂಬಂಧ ಬಿಟ್ಟು ಎದ್ದು ಹೋದಂಗೆ ಎಂದು ನಮ್ಮಪ್ಪ ಹೇಳುತ್ತಿದ್ದ. ಅವನಿಗೇನು, ಅವನ ಬೀಗರು ಕುರಿ ವ್ಯಾಪಾರದ ಮಾತಾಡುತ್ತಿದ್ದರು! ಪಡಸಾಲೆಯ ಗೋಡೆಯಲ್ಲಿ ಬುದ್ಧನ ಫೋಟೋ, ಅದರ ಕೆಳಗೆ ಬೀಗರ ಕುರ್ಚಿ, ಎದುರಿಗೆ ನಾನು. ಬುದ್ಧನೂ ಎಲ್ಲ ಕೇಳಿಸಿಕೊಳ್ಳುತ್ತಿದ್ದ, ಆದರೆ ಕಣ್ಣು ಮುಚ್ಚಿಕೊಂಡು. ಅವನಿಗೆ ಆ ಅನುಕೂಲವಾದರೂ ಇತ್ತು.

ಪಾಠ ತಿಂಡಿಯ ಹೊತ್ತಿಗೆ ಶುರುವಾಗುತ್ತಿತ್ತು. ಮೊದಲು ಪ್ಯೂರಿಟನ್ನರು ಹಡಗಿನಿಂದ ಇಳಿಯುವರು. ಚಳಿ, ಕಾಡು, ದೇವರ ಭಯ. ನಕ್ಕರೆ ಪಾಪ, ಕುಣಿದರೆ ಪಾಪ. ದಿನಾ ಕೂತು ತಮ್ಮ ಪಾಪಗಳನ್ನು ತಾವೇ ಬರೆದಿಡುವ ಮಂದಿ. ಅಷ್ಟರಲ್ಲಿ ನನಗೆ ಶುಗರ್ ಇದೆಯೆಂದು ನನ್ನ ಹೆಂಡತಿ ಹೋಳಿಗೆಯ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋಗುವಳು. "ನೋಡ್ರಿ ಬೀಗರೇ, ಪ್ಯೂರಿಟನ್ ಕಾಲ ಅಂದ್ರೆ ಇದೇ. ಸಿಹಿ ಕಂಡ್ರೆ ನರಕ" ಎಂದು ಅವರು ತಮ್ಮ ಪಾಲಿನ ಹೋಳಿಗೆಗೆ ತುಪ್ಪ ಸವರಿಕೊಳ್ಳುವರು. ಆಮೇಲೆ ವಿಚಾರದ ಯುಗ: ರಾಜನನ್ನು ಓಡಿಸಿದರು, ದೇವರನ್ನೂ ಪ್ರಶ್ನೆ ಕೇಳಿದರು. ಆಮೇಲೆ ರೊಮ್ಯಾಂಟಿಕ್ ಕಾಲ: ಲೆಕ್ಕ, ವಿಚಾರ ಎಲ್ಲ ಬೇಸರವಾಗಿ ಕಾಡಿಗೆ, ಕಡಲಿಗೆ, ದೆವ್ವದ ಮನೆಗೆ ಹೊಕ್ಕರು. ಆಮೇಲೆ ಅಣ್ಣತಮ್ಮಂದಿರ ಯುದ್ಧವಾಗಿ, ಹೆಣ ಎಣಿಸಿದ ಮೇಲೆ ಕಣ್ಣು ತೆರೆದು ರಿಯಲಿಸಂ: ಇದ್ದದ್ದನ್ನು ಇದ್ದ ಹಾಗೆ, ಜನ ಆಡುವ ಮಾತಿನಲ್ಲೇ ಬರೆಯುವುದು. ಸಾರಿಗೆ ಉಪ್ಪು ಕಡಿಮೆಯೆಂದು ನಾನಂದರೆ, ಬಾಯಿ ಸತ್ತೈತೆ ನಿಮಗೆ ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. "ರಿಯಲಿಸಂ" ಎನ್ನುವರು ಬೀಗರು, ತೃಪ್ತಿಯಿಂದ. ಒಂದು ಸಂಜೆ ಮಂಡಕ್ಕಿ ತಟ್ಟೆ ನನ್ನ ಕೈತಪ್ಪಿ ಬಿದ್ದು ಮಂಡಕ್ಕಿಯೊಂದು ಕಡೆ, ಮೆಣಸಿನಕಾಯಿ ಬಜ್ಜಿಯೊಂದು ಕಡೆ ಆಯಿತು. ಹೆಂಡತಿ ಪೊರಕೆ ತಂದಳು. ಬೀಗರು ಕೈಯೆತ್ತಿ ತಡೆದರು. ಗುಡಿಸಬೇಡಿ, ಮಹಾಯುದ್ಧ ಆದ ಮೇಲೆ ಪ್ರಪಂಚ ಹೀಗೇ ಚೂರಾಗಿ ಬಿದ್ದಿತ್ತು, ಆ ಚೂರುಗಳನ್ನೇ ಬರೆದರು, ಇದೇ ಮಾಡರ್ನಿಸಂ ಎಂದರು. ಬಜ್ಜಿ ಆರಿಹೋಯಿತು. ಅದಕ್ಕೆ ಯಾವ ಇಸಂ ಎಂದು ನಾನು ಕೇಳಲಿಲ್ಲ.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಅವರು ಪ್ರತಿ ಸಲ ಬಂದಾಗಲೂ ಮೊದಲಿನಿಂದ ಶುರು ಮಾಡುತ್ತಿದ್ದರು! ತಿಂಗಳ ಅಂತರ ಬಿದ್ದಿದೆಯಲ್ಲ, ರಿವಿಷನ್ ಆಗಬೇಕಂತೆ. ಪಾಪ, ಆ ಪ್ಯೂರಿಟನ್ನರ ಹಡಗು ಪ್ರತಿ ತಿಂಗಳೂ ನಮ್ಮ ಪಡಸಾಲೆಗೆ ಬಂದು ದಡ ಮುಟ್ಟುತ್ತಿತ್ತು. ಒಂದು ವಾರಕ್ಕೆ ರಿಯಲಿಸಂ, ಬಹಳವೆಂದರೆ ಮಾಡರ್ನಿಸಂ ತಲುಪುವಷ್ಟರಲ್ಲಿ ಅವರು ಹೊರಡುವ ದಿನ ಬರುತ್ತಿತ್ತು. ಆಗೆಲ್ಲ ಅವರ ಮುಖ ಚಿಕ್ಕದಾಗುವುದು. "ಈ ಸಲಾನೂ ಹಾರ್ಲೆಂ ಮುಟ್ಟಾಕೆ ಆಗ್ಲಿಲ್ಲ ಬೀಗರೇ" ಎನ್ನುವರು. ಹಾರ್ಲೆಂ ಅಂದರೇನು ಎಂದು ಕೇಳಿದರೆ ಹೇಳುವುದಿಲ್ಲ. ಆ ಸ್ಟಾಪು ಬಂದಾಗ ಹೇಳುತ್ತೇನೆ ಎನ್ನುವರು.

ವಿಷಯ ಏನೆಂದು ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ಅವರೇ ಬಿಡಿಸಿ ಹೇಳಿದರು. ಅಷ್ಟು ವರ್ಷದ ನೌಕರಿಯಲ್ಲಿ ಆ ಒಂದು ಪಾಠವನ್ನು ಅವರು ಯಾರಿಗೂ ಮಾಡಿಲ್ಲ. ಪ್ರತಿ ವರ್ಷವೂ ಪೋರ್ಷನ್ನು ಅಲ್ಲಿಗೆ ತಲುಪುವ ಹೊತ್ತಿಗೆ ಪರೀಕ್ಷೆ ಬಂತು. ಹುಡುಗರು, ಸಾರ್, ಇಂಪಾರ್ಟೆಂಟ್ ಕೊಡಿ ಸಾಕು, ಎಂದು ಬರೆದುಕೊಂಡು ಹೋದರು. ಒಂದು ವರ್ಷ ಬೇಗ ಬೇಗ ಎಳೆದು ಆ ದಿನ ಮುಟ್ಟಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರೆ ಕ್ಲಾಸಿನಲ್ಲಿ ಬೆಂಚುಗಳು ಮಾತ್ರ ಇದ್ದವಂತೆ. ನನಗೆ ಸಂತೋಷವಾಯಿತು. ಅದೊಂದೇ ತಾನೇ ಬಾಕಿ? ಅದನ್ನೊಂದು ಈಗಲೇ ಹೇಳಿ ಮುಗಿಸಿಬಿಡಿ, ಬಸ್ಸು ಬರಲು ಇನ್ನೂ ಹೊತ್ತಿದೆ ಎಂದೆ. ಅವರು ನನ್ನನ್ನು ಮರುಕದಿಂದ ನೋಡಿದರು.

"ನೀವು ಏಜೆಂಟರಾಗಿ ಹಿಂಗಂದ್ರೆ ಹೆಂಗೆ? ದಾವಣಗೆರೆ ಬಸ್ಸು ಹೊನ್ನಾಳಿ ಬಿಟ್ಟು ಹಾರಿ ನ್ಯಾಮತಿಗೆ ಬರ್ತೈತಾ? ಮೊದಲಿಂದ ಕುಂತು ಬಂದೋರಿಗೇ ಆ ಸ್ಟಾಪಿನ ಬೆಲೆ ತಿಳಿಯಾದು."

ನಡುವೆ ಸೂಳೆಕೆರೆಯ ಪ್ರಸಂಗವೊಂದಿದೆ. ಅದನ್ನು ಹೇಳದಿದ್ದರೆ ನನ್ನ ಪರ ವಾದ ಪೂರ್ತಿಯಾಗುವುದಿಲ್ಲ. ಟ್ರಾನ್ಸೆಂಡೆಂಟಲಿಸಂ ಅನ್ನುವ ಸ್ಟಾಪಿನಲ್ಲಿ ಮನುಷ್ಯ ಊರು ಬಿಟ್ಟು ನೀರಿನ ದಂಡೆಯಲ್ಲಿ ಒಬ್ಬನೇ ಇದ್ದು ತನ್ನೊಳಗಿನ ದನಿ ಕೇಳಬೇಕಂತೆ. ಅದನ್ನು ಬಾಯಲ್ಲಿ ಹೇಳಿದರೆ ಸಾಲದು, ಪ್ರಾಕ್ಟಿಕಲ್ ಆಗಬೇಕು ಎಂದು ಬೀಗರು ಹಟ ಹಿಡಿದರು. ತ್ಯಾವಣಿಗೆಯಲ್ಲಿರುವ ನನ್ನ ತಂಗಿಯ ಗಂಡ, ಚನ್ನಗಿರಿ ಕಡೆ ಸೂಳೆಕೆರೆ ದಂಡೆಯಲ್ಲಿ ಮೀನು ಹಿಡಿಯುವವರ ಖಾಲಿ ಷೆಡ್ಡೊಂದನ್ನು ಕೇಳಿ ಕೊಡಿಸಿದ. ಒಂದು ಚಾಪೆ, ಒಂದು ಚೆಂಬು, ಒಬ್ಬ ಬೀಗರು. ಇನ್ನು ವಾರವಿಡೀ ಮನೆಯಲ್ಲಿ ನೆಮ್ಮದಿ ಎಂದು ನಾನು ಟವೆಲ್ ಹಾಸಿ ಮಲಗಿದ್ದೇ ತಡ, ಹೆಂಡತಿ ಬಂದು ನಿಂತಳು. ಬೀಗರನ್ನು ಉಪವಾಸ ಕೆಡವಿ ನಿದ್ದೆ ಮಾಡುತ್ತೀರಲ್ಲ, ನಾಳೆ ಜಗಳೂರಿನಲ್ಲಿ ತಲೆಯೆತ್ತಲು ಆಗುತ್ತದೆಯೇ ಎಂದಳು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು ತುಂಬಿದ ಕ್ಯಾರಿಯರ್ ಹಿಡಿದು, ಬಸ್ಸು ಬದಲಿಸುತ್ತಾ, ಕೊನೆಗೆ ಬಿಸಿಲಲ್ಲಿ ನಡೆಯುತ್ತಾ ಹೋದೆ. ನಾನು ಏಕಾಂತದಲ್ಲಿದ್ದೇನೆ ಬನ್ನಿ ಕೂತ್ಕೊಳ್ಳಿ ಎಂದು ಅವರು ನನ್ನನ್ನು ಬರಮಾಡಿಕೊಂಡು, ಏಕಾಂತದ ಮಹಿಮೆಯನ್ನು ಹೊತ್ತು ಇಳಿಯುವ ತನಕ ವಿವರಿಸಿದರು. ಅವರ ಏಕಾಂತಕ್ಕೆ ನಾನಿಲ್ಲದೆ ಆಗುತ್ತಿರಲಿಲ್ಲ!

ಮರುದಿನ ಕ್ಯಾರಿಯರ್ ಹಿಡಿದು ಮತ್ತೆ ಹೋದರೆ, ಬೀಗರು ಚಾಪೆ ಸುತ್ತಿಕೊಂಡು ಡಾಂಬರು ರಸ್ತೆಯ ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಮುಖವೆಲ್ಲ ದದ್ದು. ಪ್ರಕೃತಿ ಹೇಗಿತ್ತು ಎಂದು ಕೇಳಿದೆ.

"ಪ್ರಕೃತಿ ಚಲೋ ಐತ್ರಿ. ಸೊಳ್ಳಿ ಮಾತ್ರ ರಿಯಲಿಸಂ."

ಇಂಥ ಹೊತ್ತಿನಲ್ಲೇ ನನಗೆ ಆ ಕೆಟ್ಟ ಬುದ್ಧಿ ಹೊಳೆದದ್ದು. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನನ್ನ ಜೊತೆಯ ಹಳೆಯ ಏಜೆಂಟನೊಬ್ಬ ಸಿಕ್ಕಿದ. ಜೀವನವಿಡೀ ಏರ್‌ಹಾರ್ನು ಕೇಳಿ ಅವನ ಎರಡೂ ಕಿವಿ ಹೋಗಿವೆ. ಮುಖದಲ್ಲಿ ಎಂಥ ಶಾಂತಿ! ಹೆಂಡತಿ ಬೈದರೂ ನಗುತ್ತಾನೆ, ಸಾಲಗಾರ ಬೈದರೂ ನಗುತ್ತಾನೆ. ನಾನೂ ಅವನೂ ಕೇಳಿದ್ದು ಅದೇ ಹಾರ್ನು. ಅವನಿಗೆ ಸಿಕ್ಕ ವರ ನನಗೇಕೆ ಸಿಗಬಾರದು? ಮುಂದಿನ ತಿಂಗಳು ಬೀಗರು ಬಂದು, ಚೆಂಬಿನ ನೀರು ಕುಡಿದು, ಪ್ಯೂರಿಟನ್ನರನ್ನು ಹಡಗು ಹತ್ತಿಸುತ್ತಿದ್ದಂತೆ ನಾನು ಅಂಗೈಯನ್ನು ಕಿವಿಗೆ ಹಿಡಿದು "ಆಂ?" ಎಂದೆ. ಅವರು ಮತ್ತೆ ಹೇಳಿದರು. ನಾನು ಮತ್ತೆ "ಆಂ?" ಎಂದೆ. ಹಾರ್ನಿನಿಂದ ಕಿವಿ ಹೋಗುತ್ತಿದೆ, ಡಾಕ್ಟರು ವಾಸಿಯಾಗದು ಎಂದಿದ್ದಾರೆ, ನೀವೇನೂ ಬೇಜಾರು ಮಾಡ್ಕೋಬೇಡಿ ಎಂದು ಮುಖ ಇಳಿಬಿಟ್ಟೆ. ಎಷ್ಟು ಸಲೀಸಾಗಿ ಬಂತು ಸುಳ್ಳು!

ಬೀಗರ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವರು ಗಂಟಲು ಸರಿಮಾಡಿಕೊಂಡು, ಮೇಲ್ಛಾವಣಿಯ ತಗಡು ಅದುರುವಂತೆ, "ಹಡಗಿನಿಂದ ಇಳಿದ ಪ್ಯೂರಿಟನ್ನರು!" ಎಂದು ಕೂಗಿದರು.

ಅಲ್ಲಿಂದ ನನ್ನ ಬದುಕು ಎರಡು ಪಟ್ಟು ಹಾಳಾಯಿತು. ಕಿವಿ ಹೋದ ಮನುಷ್ಯನಿಗೆ ಒಂಟಿತನ ಬಹಳ, ಅವನನ್ನು ಬಿಟ್ಟು ಹೋಗಬಾರದು ಎಂದು ಬೀಗರು ಜಗಳೂರಿಗೆ ಹೋಗುವುದನ್ನೇ ನಿಲ್ಲಿಸಿದರು! ವಾರ ಹೋಯಿತು, ತಿಂಗಳು ಹೋಯಿತು, ಪಾಠ ನಡೆದೇ ಇತ್ತು. ಇಡೀ ಬೀದಿಗೆ ಅಮೆರಿಕ ಬಾಯಿಪಾಠವಾಯಿತು. ಎದುರು ಹಿಟ್ಟಿನ ಗಿರಣಿಯ ಅಮ್ಮ, ಪಾಠದ ಹೊತ್ತಿಗೆ ಸರಿಯಾಗಿ ಗಿರಣಿ ನಿಲ್ಲಿಸಿ ಬಾಗಿಲಲ್ಲಿ ಕೂರುತ್ತಿದ್ದಳು. ವಂಶ ಮತ್ತು ಪರಿಸರ ಮನುಷ್ಯನನ್ನು ಗೂಟಕ್ಕೆ ಕಟ್ಟಿದ ಎತ್ತಿನಂತೆ ತಿರುಗಿಸುತ್ತವೆ ಎಂದು ನ್ಯಾಚುರಲಿಸಂ ಕೂಗಿದ ದಿನ, ಪಕ್ಕದ ಮನೆಯ ಟೈಲರು ಅದು ತನ್ನ ಭಾವಮೈದುನನ ಬಗ್ಗೆಯೇ ಹೇಳಿದ್ದೆಂದು ನಂಬಿದ. ಬೀಗರಿಗೆ ಅಷ್ಟಕ್ಕೂ ಸಮಾಧಾನವಾಗಲಿಲ್ಲ. ದಾವಣಗೆರೆಗೆ ಹೋಗಿ, ತಮ್ಮ ಪೆನ್ಷನ್ನಿನಲ್ಲಿ ನನಗೊಂದು ಕಿವಿ ಮಿಷನ್ನು ತಂದರು. ಯೋಚಿಸಿ ನೋಡಿ: ಚೆನ್ನಾಗಿರುವ ಕಿವಿ, ಅದರೊಳಗೆ ಮಿಷನ್ನು, ಎದುರಿಗೆ ಕೂಗುವ ಬೀಗರು! ಮೊದಲ ದಿನ ರೊಮ್ಯಾಂಟಿಕ್ ಕಾಲದ ಬಿರುಗಾಳಿಗೆ ನಾನು ಕುರ್ಚಿಯಿಂದ ಕೆಳಗೆ ಬೀಳುವುದೊಂದು ಬಾಕಿ. ಮರುದಿನ ಅದರ ಸೆಲ್ಲು ತೆಗೆದು ಎಲೆಅಡಿಕೆ ಡಬ್ಬಿಯಲ್ಲಿ ಬಚ್ಚಿಟ್ಟೆ. ಖಾಲಿ ಮಿಷನ್ನು ಬಿರಡೆಯ ಹಾಗೆ ಸ್ವಲ್ಪ ಸದ್ದು ತಡೆಯಿತು, ಅಷ್ಟೇ ಪುಣ್ಯ.

ಹೆಂಡತಿಗೆ ಮಾತ್ರ ಮೋಸ ಮಾಡಲಾಗಲಿಲ್ಲ. ಅವಳು ಅಡುಗೆಮನೆಯಿಂದ, ಹೋಳಿಗೆ ಒಂದು ಮಿಕ್ಕಿದೆ, ಯಾರಿಗೂ ಬೇಡವೇನೋ ಎಂದು ತನ್ನಷ್ಟಕ್ಕೇ ಪಿಸುಗುಟ್ಟಿದಳು. ನಾನು ಪಡಸಾಲೆಯಿಂದ ಎದ್ದು ಹೋಗಿ ಕೈಚಾಚಿ ನಿಂತಿದ್ದೆ! ಅವಳು ಹೋಳಿಗೆ ಕೊಡಲಿಲ್ಲ.

"ಆ ಮನುಷ್ಯರ ಗಂಟಲು ನೋಡ್ರಿ, ಹೆಂಗ್ ಉಬ್ಬೈತೆ. ಪಾಪ ಹತ್ತತೈತೆ ನಿಮಗೆ" ಎಂದಳು.

ಹತ್ತಿತು. ಮೊದಲು ಬೀಗರ ದನಿ ಒಡೆಯಿತು. ಶುಂಠಿ, ಜೇನು, ಉಪ್ಪುನೀರು ಎಲ್ಲ ಆಯಿತು. ಅವರು ಕೂಗುವುದನ್ನು ಮಾತ್ರ ಬಿಡಲಿಲ್ಲ, ಏಕೆಂದರೆ ಮೊದಲ ಸಲ ಪೋರ್ಷನ್ನು ನಡುವೆ ಎಲ್ಲೂ ಕಡಿಯದೆ ಮುಂದೆ ಹೋಗುತ್ತಿತ್ತು. ಮಾಡರ್ನಿಸಂ ಮುಗಿಯಿತು. ನಾಳೆ ಹಾರ್ಲೆಂ ಎಂದು ಸಂತೋಷದಿಂದ ಕೈ ಉಜ್ಜಿಕೊಂಡರು. ಮಗಳಿಗೆ ಹೇಳಿ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿದರು. ಬೆಳಿಗ್ಗೆ ಬುದ್ಧನ ಕೆಳಗಿನ ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. ಗಾಳಿ ಬಂತು, ದನಿ ಬರಲಿಲ್ಲ. ಮತ್ತೆ ತೆರೆದರು. ಬರಲಿಲ್ಲ. ನನ್ನನ್ನು ನೋಡಿ, ತಪ್ಪು ಮಾಡಿದವರ ಹಾಗೆ, ತಡೀರಿ ಎಂದು ಕೈಸನ್ನೆ ಮಾಡಿದರು.

ದಾವಣಗೆರೆಯ ಗಂಟಲು ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಬೀಗರು, ಸೊಸೆ, ನಾನು. ಡಾಕ್ಟರು ಟಾರ್ಚು ಬಿಟ್ಟು, ಕೊಳವೆ ಬಿಟ್ಟು ನೋಡಿ, ದನಿಯ ತಂತಿಯ ಮೇಲೆ ಗಂಟು ಎದ್ದಿದೆ, ಆಪರೇಷನ್ ಆಗಬೇಕು ಎಂದರು. ಇವರು ಏನು ಕೆಲಸ ಮಾಡುತ್ತಾರೆ, ಹರಾಜು ಕೂಗುತ್ತಾರಾ ಎಂದು ಕೇಳಿದರು.

"ಇಲ್ಲ ಸರ್, ಕಿವುಡರಿಗೆ ಪಾಠ ಹೇಳ್ತಾರೆ" ಎಂದಳು ಸೊಸೆ.

"ಎಷ್ಟು ಜನ ಅದಾರೆ ಕಿವುಡರು?"

"ಒಬ್ಬರೇ ಸರ್. ಇವರೇ, ನಮ್ಮ ಮಾವ."

ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಒಬ್ಬ ಕಿವುಡನಿಗೋಸ್ಕರ ಗಂಟಲನ್ನೇ ಕಳೆದುಕೊಂಡಿದ್ದಾರೆ, ಪುಣ್ಯಾತ್ಮರು, ಇನ್ನು ಇವರು ಜನ್ಮದಲ್ಲಿ ಕೂಗುವಂತಿಲ್ಲ, ವಾಸಿಯಾದ ಮೇಲೂ ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟೇ ಮಾತು ಎಂದರು. ಅವರೆಂದ ಪ್ರತಿಯೊಂದು ಅಕ್ಷರವೂ ನನಗೆ ಕೇಳಿಸಿತು. ಕೇಳಿಸದವನಂತೆ ತಲೆಯ ಮೇಲೆ ತಿರುಗುವ ಫ್ಯಾನನ್ನು ನೋಡುತ್ತಾ ಕೂತಿದ್ದೆ. ಅಲ್ಲೇ ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು? ಸೊಸೆಯ ಎದುರಿಗೆ ನಾಚಿಕೆ. ನನ್ನ ಮರ್ಯಾದೆ ನನಗೆ ಅವರ ಗಂಟಲಿಗಿಂತ ದೊಡ್ಡದಾಗಿ ಕಂಡಿತು. ಪ್ಯೂರಿಟನ್ನರು ಬರೆದಿಡುತ್ತಿದ್ದದ್ದು ಇಂಥ ಪಾಪಗಳನ್ನೇ ಇರಬೇಕು.

ಆಪರೇಷನ್ ಆಯಿತು. ಬೀಗರು ನಮ್ಮ ಮನೆಗೇ ಬಂದರು. ಮಾತು ಪೂರ್ತಿ ಬಂದ್. ಕುರ್ಚಿಯಲ್ಲಿ ಬಿಸಿನೀರಿನ ಲೋಟ ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಎಷ್ಟು ವರ್ಷದಿಂದ ನಾನು ಹಂಬಲಿಸಿದ್ದ ಮೌನ ಅದು! ಬಂತಲ್ಲ, ಅನುಭವಿಸಬೇಕಿತ್ತು ತಾನೇ? ಆಗಲಿಲ್ಲ. ಗೋಡೆ ಗಡಿಯಾರದ ಸದ್ದಿಗೆ ಸಿಟ್ಟು ಬರುವುದು. ಗಿರಣಿಯ ಅಮ್ಮ ರಸ್ತೆಯಲ್ಲಿ ತಡೆದು, ಕಿವಿಯ ಹತ್ತಿರ ಕೂಗಿ, ಮಂಡಕ್ಕಿ ಚೂರಾದ ಮೇಲೆ ಅಮೆರಿಕದವರು ಏನು ಮಾಡಿದರು ಎಂದು ವಿಚಾರಿಸಿದಳು. ನನಗೂ ಗೊತ್ತಿಲ್ಲ ಎಂದೆ. ಆಗ ತಿಳಿಯಿತು, ನನಗೂ ಅದು ತಿಳಿಯಬೇಕಾಗಿತ್ತು. ಹಾಳು ಅಮೆರಿಕ ನನ್ನೊಳಗೆ ಯಾವಾಗ ಬೇರು ಬಿಟ್ಟಿತೋ!

ವಾಸಿಯಾಗಿ, ಮೆಲ್ಲಗೆ ಮಾತಾಡಬಹುದೆಂದು ಡಾಕ್ಟರು ಹೇಳಿದ ಮಾರನೆಯ ದಿನ ಅಡುಗೆಮನೆಯಲ್ಲಿ ಅಪ್ಪ ಮಗಳ ಮಾತು ನಡೆದಿತ್ತು. ನಾನು ಪಡಸಾಲೆಯಲ್ಲಿದ್ದೆ. ಕಿವುಡನಲ್ಲವೇ, ಅವರಿಗೆ ಸಂಕೋಚವಿರಲಿಲ್ಲ. ನಾಳೆ ಬೆಳಿಗ್ಗೆ ಜಗಳೂರಿಗೆ ಹೋಗುತ್ತೇನೆ, ಇನ್ನು ಇಲ್ಲಿಗೆ ಬಂದು ಉಳಿಯುವುದಿಲ್ಲ ಎಂದರು ಬೀಗರು. ಏಕೆ ಅಪ್ಪಾಜಿ ಎಂದಳು ಸೊಸೆ. ಒಣ ಎಲೆ ಉಜ್ಜಿದಂಥ ದನಿಯಲ್ಲಿ ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ನಂಗೆ ಕೂಗಾಕೆ ಆಗಲ್ಲ, ಅವರಿಗೆ ಮೆಲ್ಲಗೆ ಹೇಳಿದ್ರೆ ಕೇಳಲ್ಲ. ಇನ್ನ ಯಾಕವ್ವ ಅವರಿಗೆ ತ್ರಾಸು? ನನ್ನ ಸರ್ವೀಸಿನಾಗೆ ಎದ್ದು ಹೋಗದಂಗೆ ಕುಂತಿದ್ದು ಅವರೊಬ್ಬರೇ. ಏನೂ ಕೇಳದಿದ್ರೂ ಕುಂತಿದ್ರು."

ನಾನು ಎದ್ದು ಹೋಗಲಿಲ್ಲ ನಿಜ. ಏಕೆ ಹೋಗಲಿಲ್ಲ ಎಂಬುದು ನಿಮಗೆ ಗೊತ್ತು, ನನಗೆ ಗೊತ್ತು. ಅವರಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಸೊಸೆ ಬುತ್ತಿ ಕಟ್ಟಿಕೊಟ್ಟಳು. ಬೀಗರು ಬ್ಯಾಗು ಪಕ್ಕಕ್ಕಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತು ಚಪ್ಪಲಿ ಮೆಟ್ಟುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಹೆಂಡತಿ, ಸೊಸೆ, ಮಗ ಬಾಗಿಲಲ್ಲಿ ನಿಂತಿದ್ದರು. ನಿಲ್ಲಲಿ ಎನ್ನಿಸಿತು.

"ಬೀಗರೇ, ನಂಗೆ ಕಿವಿ ಕೇಳಿಸ್ತೈತೆ" ಎಂದೆ.

ಅವರ ಮುಖ ಅರಳಿತು. ಮಿಷನ್ನಿನಿಂ‌ದಲಾ ಎಂದು ಕಿವಿ ತೋರಿಸಿ ಸನ್ನೆಯಲ್ಲೇ ಕೇಳಿದರು.

"ಮಿಷನ್ನಿನಾಗೆ ಸೆಲ್ಲೇ ಇಲ್ರಿ. ಮೊದಲಿಂದಾನೂ ಕೇಳಿಸ್ತಿತ್ತು. ನಿಮ್ಮ ಪಾಠ ತಪ್ಪಿಸ್ಕಳಾಕೆ ಸುಳ್ಳು ಹೇಳ್ದೆ. ನಿಮ್ಮ ಗಂಟ್ಲು ಹೋಗಿದ್ದು ನನ್ನಿಂದ."

ಹೇಳಿ ತಲೆ ತಗ್ಗಿಸಿದೆ. ಬೈಯಲಿ ಎಂದು ಕಾದೆ. ಬಾಗಿಲಲ್ಲಿ ಸೊಸೆ ಉಸಿರೆಳೆದುಕೊಂಡದ್ದು ಕೇಳಿಸಿತು. ತಲೆಯೆತ್ತಿ ನೋಡಿದರೆ ಬೀಗರು ನನ್ನ ಕಡೆಗೇ ತಿರುಗಿ ಕೂತಿದ್ದರು.

"ಮೊದಲಿಂದಾನೂ ಕೇಳಿಸ್ತಿತ್ತಾ?"

"ಹೂಂ."

"ಪ್ಯೂರಿಟನ್ನರಿಂದ?"

"ಪ್ಯೂರಿಟನ್ನರಿಂದ."

ಅವರಿಗೆ ನಂಬಿಕೆಯಾಗಲಿಲ್ಲ. ಮೇಷ್ಟ್ರ ಹಾಗೆ ಬೆರಳೆತ್ತಿ, ಅಣ್ಣತಮ್ಮಂದಿರ ಯುದ್ಧ ಆದ ಮೇಲೆ ಏನು ಬಂತು ಹೇಳಿ ಎಂದು ಪಿಸುಗುಟ್ಟಿದರು. ರಿಯಲಿಸಂ ಎಂದೆ. ಏಕೆ ಬಂತು ಎಂದರು. ಅಷ್ಟು ಹೆಣ ನೋಡಿದ ಮೇಲೆ ಚಂದ್ರ, ಹೂವು ಎಂದು ಬರೆಯಲು ಮನಸ್ಸು ಬರಲಿಲ್ಲ, ಜನ ಹೇಗಿದ್ದರೋ ಹಾಗೆ ಬರೆದರು ಎಂದೆ. ಆಮೇಲೆ? ಆಮೇಲೆ ನ್ಯಾಚುರಲಿಸಂ, ಮನುಷ್ಯ ಗೂಟಕ್ಕೆ ಕಟ್ಟಿದ ಎತ್ತು. ಆಮೇಲೆ ಮಹಾಯುದ್ಧ, ಚೂರುಚೂರಾದ ಮಾಡರ್ನಿಸಂ. ಆಮೇಲೆ ನಿಮ್ಮ ದನಿ ಹೋಯಿತು.

ನನ್ನ ಸುಳ್ಳಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಟವೆಲ್ಲಿನ ಚುಂಗಿನಿಂದ ಕಣ್ಣೊರೆಸಿಕೊಂಡರು, ಮತ್ತೆ ತುಂಬಿಕೊಂಡವು, ಮತ್ತೆ ಒರೆಸಿಕೊಂಡರು.

"ಎಲ್ಲಾ ಕೇಳಿಸೈತೆ" ಎಂದರು ಮಗಳ ಕಡೆ ತಿರುಗಿ. ಆ ಮುಖದಲ್ಲಿದ್ದ ಸಂತೋಷವನ್ನು ನಾನು ಯಾವ ಮದುವೆಮನೆಯಲ್ಲೂ ಕಂಡಿಲ್ಲ. "ಗ್ವಾಡಿಗೆ ಹೇಳ್ತಿದೀನಿ ಅನ್ಕಂಡಿದ್ದೆ ಕಣವ್ವ. ಎಲ್ಲಾ ಕೇಳಿಸೈತೆ ಇವರಿಗೆ."

ಹೊನ್ನಾಳಿ ಬಸ್ಸು ಬೀದಿಯ ಕೊನೆಯಲ್ಲಿ ಹಾರ್ನು ಹೊಡೆದು ಹೋಯಿತು. ಬೀಗರು ಚಪ್ಪಲಿ ಬಿಟ್ಟು ಕಾಲು ಮೇಲೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕೂತರು. ನನ್ನ ಹೆಗಲ ಮೇಲೆ ಕೈಹಾಕಿ ಹತ್ತಿರಕ್ಕೆ ಸೆಳೆದುಕೊಂಡರು. ಅವರ ಉಸಿರು ನನ್ನ ಕಿವಿಗೆ ಬೆಚ್ಚಗೆ ತಾಕುತ್ತಿತ್ತು.

"ನ್ಯೂಯಾರ್ಕ್ ಅಂತ ದೊಡ್ಡ ಊರು, ಬೀಗರೇ. ಆ ಊರಾಗೆ ಹಾರ್ಲೆಂ ಅಂತ ಒಂದು ಕೇರಿ ಇತ್ತು, ಕರಿ ಜನರದ್ದು. ನಮ್ಮಂಥೋರ ಕೇರಿ..."